ಶೆವ್ಕಾ ಬಳ್ಳಿ ಸರಳಾಗೆ ಸಿಕ್ಕಿದ್ದು

ಹೊಟ್ಟೆಕಿಚ್ಚು ಇರಲಿಲ್ಲ ಎಂದು ನಾನು ಹೇಳಿದರೆ ನಮ್ಮ ಮನೆಯವರೇ ಬಿದ್ದು ಬಿದ್ದು ನಗುತ್ತಾರೆ. ಇತ್ತು. ಬೇಕಾದಷ್ಟು ಇತ್ತು. ಇರಬಾರದಿತ್ತೇ, ನೀವೇ ಹೇಳಿ. ನಾನು, ಗುರುದೇವಿ, ವಿಜಯಪುರದ ಹತ್ತಿರ ತಿಕೋಟಾದಲ್ಲಿ ಹನ್ನೆರಡು ಎಕರೆ ದ್ರಾಕ್ಷಿ ಪಡದ ನಡುವೆ ಬೆಳೆದವಳು. ಎಂಟನೆಯ ವಯಸ್ಸಿಗೇ ಕತ್ತರಿ ಹಿಡಿದವಳು. ಪಕ್ಕದ ಮನೆಯ ಸರಳಾ ಮೈಸೂರಿನ ಸರಸ್ವತಿಪುರಂನವಳು. ಮಿಶಿಗನ್ನಿನಲ್ಲಿ ನಾವು ಅಕ್ಕಪಕ್ಕದವರಾಗಿರುವ ಈ ಹದಿನಾಲ್ಕು ವರ್ಷದಲ್ಲಿ ಅವಳು ಬೆಳೆಸಿದ್ದು ಒಂದು ಕುಂಡ ತುಳಸಿ. ಅದನ್ನೂ ಪ್ರತಿ ಚಳಿಗಾಲ ಒಣಗಿಸಿ ಯುಗಾದಿಗೆ ಹೊಸದು ತರುತ್ತಾಳೆ. ಅಂಥವಳಿಗೆ ಸ್ತಾಂಕಾ ಆಂಟಿ ತಮ್ಮ ಬಳ್ಳಿ ಕೊಟ್ಟರು. ನನಗಲ್ಲ, ಸರಳಾಗೆ!

ಸ್ತಾಂಕಾ ಆಂಟಿ ನಮ್ಮಿಬ್ಬರ ಮನೆಯ ಹಿಂದಿನ ಮನೆಯಲ್ಲಿದ್ದವರು. ಬಲ್ಗೇರಿಯಾದವರು, ಎಂಬತ್ತೊಂದು ವರ್ಷ, ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ನಾರ್ತ್‌ವಿಲ್‌ನ ನಮ್ಮ ಬಡಾವಣೆಯಲ್ಲಿ ಯಾರ ಹಿತ್ತಲು ನೋಡಿದರೂ ಹುಲ್ಲು, ಗ್ರಿಲ್ಲು, ಮಕ್ಕಳು ಕುಣಿಯುವ ಟ್ರ್ಯಾಂಪೊಲಿನ್ನು. ಅವರ ಹಿತ್ತಲಲ್ಲಿ ಮಾತ್ರ ದ್ರಾಕ್ಷಿ ಚಪ್ಪರ. ಶೆವ್ಕಾ ಎಂದು ಆ ದ್ರಾಕ್ಷಿಯ ಹೆಸರು. ವೈನಿಗೆ ಬಳಸುವ ಕೆಂಪು ದ್ರಾಕ್ಷಿ, ಅವರ ಸೀಮೆಯ ಹಳೆಯ ತಳಿ. ಅಲ್ಲೇ ಈಗ ಹುಡುಕಿದರೂ ಸಿಗುವುದು ಕಷ್ಟ ಎನ್ನುತ್ತಿದ್ದರು. ಗಂಡ ನೆಟ್ಟಿದ್ದು. ಅದು ಸಮುದ್ರ ದಾಟಿದ್ದು ಹೇಗೆ ಎಂದು ಕೇಳಿದರೆ ಮಾತ್ರ ಕಿವಿ ಕೇಳಿಸದವರಂತೆ ಕೂತುಬಿಡುತ್ತಿದ್ದರು. ವರ್ಷಕ್ಕೆ ಹತ್ತು ಬಾಟಲಿ ವೈನನ್ನು ಬೇಸ್‌ಮೆಂಟಿನಲ್ಲಿ ತಾವೇ ಮಾಡುತ್ತಿದ್ದರು. ನಾವು ಲಿಂಗಾಯತರು, ಸರಳಾ ಮನೆಯವರು ಅಯ್ಯಂಗಾರರು. ಎರಡೂ ಮನೆಯಲ್ಲಿ ಅದನ್ನು ಮೂಸಿ ನೋಡುವವರೂ ಇಲ್ಲ. ಆದ್ದರಿಂದ ನಮಗೆ ತಟ್ಟೆ ತುಂಬ ಹಣ್ಣು ಬರುತ್ತಿತ್ತು. ಸಣ್ಣ ಹಣ್ಣು, ದಪ್ಪ ಬೀಜ, ಆದರೆ ಆ ರುಚಿ! ನಮ್ಮಪ್ಪನ ಪಡದಲ್ಲೂ ಅಂಥದ್ದನ್ನು ನಾನು ತಿಂದಿರಲಿಲ್ಲ. ಇದನ್ನು ಒಪ್ಪಿಕೊಳ್ಳುವುದೂ ನನಗೆ ಸುಲಭವಲ್ಲ.

ಮೂರು ಬೇಸಿಗೆ, ಪ್ರತಿ ಶನಿವಾರ ನಾನು ಆ ಚಪ್ಪರದ ಕೆಳಗೆ ಕೂತಿದ್ದೇನೆ. ನಮ್ಮ ಕಡೆ ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ ಎಂದು ವಿವರಿಸಿದ್ದೇನೆ. ಚಾಟ್ನಿ ಎಂದರೆ ಬಳ್ಳಿ ಕತ್ತರಿಸುವುದು. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಆಂಟಿ ತಲೆಯಾಡಿಸುತ್ತ ಕೇಳುತ್ತಿದ್ದರು. ಸರಳಾ ಬಂದರೆ ಬಳ್ಳಿಯ ಮಾತೇ ಇಲ್ಲ, "ಆಂಟಿ, ನಿಮ್ ಮೊಣಕಾಲು ಹೇಗಿದೆ?" ಎಂದು ಶುರು ಮಾಡುತ್ತಿದ್ದಳು.

ಹೋದ ವರ್ಷ ಆಂಟಿ ಮನೆ ಮಾರಿ ಮಗನ ಜೊತೆ ಇರಲು ಷಿಕಾಗೊ ಪಕ್ಕದ ಎಲ್ಕ್ ಗ್ರೋವ್ ವಿಲೇಜಿಗೆ ಹೊರಟರು. ಅಲ್ಲಿ ಅವರಿಗೆ ಸಿಗುವುದು ಎರಡನೇ ಮಹಡಿಯ ಒಂದು ಕೋಣೆ, ಬಳ್ಳಿಗೆ ಜಾಗವಿಲ್ಲ. ಇದನ್ನು ಮುಂಚೆಯೇ ಯೋಚಿಸಿ, ದೊಡ್ಡ ಬಳ್ಳಿಯ ಒಂದು ಕಡ್ಡಿಯನ್ನು ಬಗ್ಗಿಸಿ, ಮಣ್ಣಲ್ಲಿ ಹೂತು, ಬೇರು ಬರಿಸಿ, ಮರದ ಅರ್ಧ ಪೀಪಾಯಿಯಲ್ಲಿ ಒಂದು ಮರಿಬಳ್ಳಿ ಬೆಳೆಸಿದ್ದರು. ಅದು ಯಾರಿಗೆ ಎಂಬ ಪ್ರಶ್ನೆಯೇ ನನ್ನ ತಲೆಗೆ ಬರಲಿಲ್ಲ. ಏಪ್ರಿಲ್ ಮೊದಲ ವಾರವೇ ಹಿತ್ತಲಲ್ಲಿ ಗುಂಡಿ ತೋಡಿಸಿದೆ, ಎರಡು ಕಂಬ ನೆಡಿಸಿದೆ, ತಂತಿ ಕಟ್ಟಿಸಿದೆ. ಕಂಬ ನೆಟ್ಟವರು ನಮ್ಮ ಯಜಮಾನರು ಪಂಚಾಕ್ಷರಿ. ಬೆನ್ನು ಹಿಡಿದುಕೊಂಡು, "ಅವ್ರು ಕೊಡ್ತೀನಿ ಅಂತ ಅಂದಾರೇನ?" ಎಂದು ಕೇಳಿದರು.

"ಮತ್ಯಾರಿಗೆ ಕೊಡ್ತಾರ್ರೀ?" ಎಂದೆ.

ಮುಂದಿನ ಭಾನುವಾರ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಆಂಟಿಯ ಮಗ ಪೀಪಾಯಿಯನ್ನು ಕೈಗಾಡಿಯಲ್ಲಿಟ್ಟು ಸರಳಾ ಹಿತ್ತಲಿಗೆ ತಳ್ಳುತ್ತಿದ್ದಾನೆ. ಹಿಂದೆ ಆಂಟಿ. ಮುಂದೆ ಸರಳಾ, ಮದುವೆ ಮನೆಯಲ್ಲಿ ಬೀಗರಿಗೆ ದಾರಿ ತೋರಿಸುವವಳ ಹಾಗೆ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಒಲೆಯ ಮೇಲಿದ್ದ ಒಗ್ಗರಣೆ ಸೀದು ಹೊಗೆ ಅಲಾರ್ಮ್ ಹೊಡೆದುಕೊಂಡರೂ ನಾನು ಕದಲಲಿಲ್ಲ. ಮಗಳು ಚೇತನಾ ಓಡಿ ಬಂದು ಅಲಾರ್ಮ್ ಆರಿಸಿ, ಕಿಟಕಿಯಲ್ಲಿ ಇಣುಕಿ, "ಓ ಮೈ ಗಾಡ್ ಅಮ್ಮ, ಯು ಆರ್ ಸೋ ಜೆಲಸ್," ಎಂದಳು. ಹದಿನಾರು ವರ್ಷದ ಹುಡುಗಿಗೂ ಗೊತ್ತಾಗುವಷ್ಟು ಮುಖದಲ್ಲಿ ಬರೆದಿತ್ತೆಂದು ಕಾಣುತ್ತದೆ.

"ಹೋಗಲಿ ಬಿಡ, ಅಂಗಡ್ಯಾಗ ಬೇಕಾದಷ್ಟು ದ್ರಾಕ್ಷಿ ಸಿಗ್ತಾವ," ಎಂದು ಪಂಚಾಕ್ಷರಿ ಸಮಾಧಾನ ಮಾಡಿದರು. ಅಂಗಡಿಯ ದ್ರಾಕ್ಷಿಯಂತೆ! ಮೂರು ದಿನ ಅವರ ಜೊತೆ ಮಾತು ಬಿಟ್ಟೆ.

ಮೇ ತಿಂಗಳಲ್ಲಿ ಆಂಟಿಯ ಮನೆ ಕೊಂಡವರು ಕಾಂಕ್ರೀಟ್ ಹಾಕಿಸಲೆಂದು ಹಳೇ ಬಳ್ಳಿಯನ್ನು ಬುಡಸಮೇತ ಕೀಳಿಸಿದರು. ಅಲ್ಲಿಗೆ ಉಳಿದಿದ್ದು ಸರಳಾ ಹಿತ್ತಲ ನೆಲದಲ್ಲಿ ನೆಟ್ಟ ಒಂದೇ ಒಂದು ಮರಿಬಳ್ಳಿ.

ಆ ಬೇಸಿಗೆಯಿಡೀ ನಾನು ಅನುಭವಿಸಿದ್ದು ನನಗೇ ಗೊತ್ತು. ಪ್ರತಿ ಭಾನುವಾರ ಆಂಟಿ ಫೋನ್ ಮಾಡುವುದು ಸರಳಾಗೆ. ಸೋಮವಾರ ಸರಳಾ ಬೇಲಿಯ ಹತ್ತಿರ ಬಂದು ನನಗೆ ವರದಿ ಒಪ್ಪಿಸುವುದು. "ಎಂಟಡಿ ಬೆಳೆದಿದೆ ಗೊತ್ತಾ ಗುರುದೇವಿಯವ್ರೇ? ಸ್ತಾಂಕಾ ಆಂಟಿ ಹೇಳಿದ್ರು, ಈ ವರ್ಷ ಹೂ ಬಂದ್ರೂ ಕಿತ್ತ್ಹಾಕು ಅಂತ." ಬೇರು ಗಟ್ಟಿಯಾಗಲು ಮೊದಲ ವರ್ಷ ಹೂ ಕೀಳಬೇಕು ಎಂದು ನನಗೆ ಇವಳು ಹೇಳಿಕೊಡಬೇಕೇ? ಎದುರಿಗೆ ನಾನು ಅವಳಿಗೆ ಯಾವತ್ತೂ ಬಹುವಚನವೇ. ಮನಸ್ಸಿನೊಳಗೆ ಮಾತ್ರ ಏಕವಚನ, ಆ ದಿನಗಳಲ್ಲಂತೂ ಅದಕ್ಕಿಂತ ಕೆಳಗಿನದು.

ಸೆಪ್ಟೆಂಬರ್ ಕೊನೆಗೆ ಸರಳಾಳ ತಾಯಿ ಮೈಸೂರಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸರಳಾ ಐದು ವಾರಕ್ಕೆ ಹೊರಟಳು. ಏರ್‌ಪೋರ್ಟಿಗೆ ಹೋಗುವ ಮುಂಚೆ ಕಣ್ಣು ಕೆಂಪಗೆ ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದಳು.

"ನಮ್ಮೆಜಮಾನ್ರಿಗೆ ಗಿಡ ಯಾವುದು ಕಳೆ ಯಾವುದು ಗೊತ್ತಾಗಲ್ಲ. ಬಳ್ಳಿಗೆ ನೀರೊಂದು ನೀವು ನೋಡ್ಕೊಳ್ಳಿ. ನಾನು ನವೆಂಬರಿಗೆ ಬಂದು ಚಳಿ ತಾಗದ ಹಾಗೆ ಅದನ್ನ ಮಲಗಿಸಿ ಮಣ್ಣು ಮುಚ್ತೀನಿ. ಕತ್ತರಿ ಮಾತ್ರ ಮುಟ್ಟಿಸ್ಬಾರ್ದಂತೆ. ಫೆಬ್ರವರಿ ಹದಿನಾಲ್ಕಕ್ಕೆ ಅವರದ್ದೇನೋ ದ್ರಾಕ್ಷಿ ಕಾಯೋ ಸಂತ ಟ್ರಿಫೋನನ ಹಬ್ಬವಂತೆ, ಆವತ್ತು ಆಂಟೀನೇ ಬಂದು ಮೊದಲ್ನೇ ಕಡ್ಡಿ ಕತ್ತರಿಸಿ, ಬುಡಕ್ಕೆ ವೈನ್ ಹಾಕ್ತಾರಂತೆ."

"ನೀವು ತಾಯಿನ್ನ ನೋಡ್ಕೋರಿ. ಇಲ್ಲೀದು ನನಗ ಬಿಡ್ರಿ," ಎಂದೆ. ಆ ಕ್ಷಣದಲ್ಲಿ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದನ್ನು ನೀವು ನಂಬಬೇಕು.

ಅಕ್ಟೋಬರ್ ಎರಡನೇ ವಾರ ಮಿಶಿಗನ್ನಿಗೆ ಬೇಸಿಗೆ ಮರಳಿ ಬಂದ ಹಾಗೆ ಎಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಅದೇ ವಾರ ತಿಕೋಟಾದಿಂದ ನಮ್ಮಣ್ಣ ಶಿವಬಸಪ್ಪ ವಾಟ್ಸ್ಯಾಪಿನಲ್ಲಿ ವಿಡಿಯೊ ಕಳಿಸಿದ: ಪಡದಲ್ಲಿ ಚಾಟ್ನಿ ನಡೆದಿತ್ತು, ಸಾಲುಸಾಲು ಕತ್ತರಿಗಳ ಕಟಕಟ ಸದ್ದು. ನನ್ನ ಕೈ ಕಡಿಯತೊಡಗಿತು. ಸರಳಾ ಹಿತ್ತಲಿಗೆ ಹೋಗಿ ನಿಂತೆ. ಎಂಟಡಿ ಬಳ್ಳಿ, ಬುಡದ ಕಡ್ಡಿಗಳು ಚೆನ್ನಾಗಿ ಬಲಿತು ಕಂದು ಬಣ್ಣಕ್ಕೆ ತಿರುಗಿದ್ದವು. ಅಕ್ಟೋಬರಿನಲ್ಲಿ ಕತ್ತರಿಸದೆ ಫೆಬ್ರವರಿಯಲ್ಲಿ ಕತ್ತರಿಸುವುದಂತೆ, ಫೆಬ್ರವರಿಯಲ್ಲಿ ನಮ್ಮಲ್ಲಿ ಹಣ್ಣು ಕೀಳುತ್ತಾರೆ! ಒಂದು ಬಳ್ಳಿ ಸಾಕಿದವರು ಹನ್ನೆರಡು ಎಕರೆಯವರಿಗೆ ಹೇಳುವುದೇನು? ನಾನು ಕತ್ತರಿಸಿದರೆ ಇದು ಹೇಗೆ ಚಿಗುರುತ್ತದೆ ನೋಡಲಿ, ಆಗ ಸ್ತಾಂಕಾ ಆಂಟಿಗೆ ತಾವು ಯಾರಿಗೆ ಕೊಡಬೇಕಿತ್ತು ಎಂದು ಅರ್ಥವಾಗುತ್ತದೆ. ಇದು ಒಂದು ಯೋಚನೆ. ಇನ್ನೊಂದೂ ಇತ್ತು, ಮುಚ್ಚಿಡುವುದಿಲ್ಲ: ಚಾಟ್ನಿ ಮಾಡಿದರೆ ಕಡ್ಡಿ ಉಳಿಯುತ್ತವೆ. ಕಡ್ಡಿ ನೆಟ್ಟರೆ ನನಗೂ ಒಂದು ಶೆವ್ಕಾ.

ಕತ್ತರಿಸಿದೆ. ನಮ್ಮಪ್ಪ ಕಲಿಸಿದ ಹಾಗೆ, ಚಿಗುರೊಡೆಯುವ ಕಣ್ಣಿನ ಮೇಲೆ ಅರ್ಧ ಇಂಚು ಬಿಟ್ಟು, ಓರೆಯಾಗಿ. ಎಲೆಯೆಲ್ಲ ಬೋಳಿಸಿದೆ. ಎಂಟಡಿ ಬಳ್ಳಿ ಎರಡಡಿಗೆ ಇಳಿಯಿತು. ಆರು ಒಳ್ಳೇ ಕಡ್ಡಿ ಆರಿಸಿ ಚೀಲಕ್ಕೆ ಹಾಕಿಕೊಂಡು ಬಂದೆ. ನಮ್ಮ ಬೇಸ್‌ಮೆಂಟಿನಲ್ಲಿ ಕರಿಬೇವಿಗೆಂದು ಇಟ್ಟ ಲೈಟಿನ ಕೆಳಗೆ ಆರು ಕುಂಡದಲ್ಲಿ ನೆಟ್ಟೆ.

ಒಂಬತ್ತನೇ ದಿನ ಸರಳಾ ಹಿತ್ತಲ ಬಳ್ಳಿಯ ಕಣ್ಣುಗಳು ಉಬ್ಬಿದವು. ಹನ್ನೆರಡನೇ ದಿನ ಹಸಿರು ಚಿಗುರು. ಖುಷಿಯಿಂದ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹದಿನಾರನೇ ದಿನ ಬೆಳಿಗ್ಗೆ ಇಪ್ಪತ್ತೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಕಾರಿನ ಗಾಜಿನ ಮೇಲೆ ಮಂಜುಗಡ್ಡೆ. ಹಿತ್ತಲಿಗೆ ಓಡಿದರೆ ಚಿಗುರುಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಗೆ ಜೋತುಬಿದ್ದಿದ್ದವು. ತಿಕೋಟಾದಲ್ಲಿ ಅಕ್ಟೋಬರಿನ ನಂತರ ಬರುವುದು ಎಳೆಬಿಸಿಲು. ಇಲ್ಲಿ ಬರುವುದು ಹಿಮ, ಚಿಗುರಿ ಎಚ್ಚರಗೊಂಡ ಬಳ್ಳಿ ಅದಕ್ಕೆ ಉಳಿಯದು. ಹತ್ತೊಂಬತ್ತು ಚಳಿಗಾಲ ಇಲ್ಲಿ ಕಳೆದ ನನಗೆ ಇದು ಗೊತ್ತಿರಲಿಲ್ಲವೇ? ಕಾರುಗಳ ಸೀಟು ಮಾಡುವ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇಂಜಿನಿಯರು, ಇನ್ನೊಬ್ಬರ ತಪ್ಪು ಹಿಡಿಯುವುದೇ ನನ್ನ ಉದ್ಯೋಗ. ಆದರೆ ಕತ್ತರಿ ಕೈಗೆ ಬಂದ ಕೂಡಲೇ ನಾನು ತಿಕೋಟಾದಲ್ಲಿದ್ದೆ. ಸತ್ತ ಚಿಗುರನ್ನೂ ಗುಟ್ಟಾಗಿ ಕಿತ್ತುಹಾಕಿದೆ.

ನವೆಂಬರ್ ಐದಕ್ಕೆ ಸರಳಾ ಬಂದಳು. ನಿದ್ದೆಗೆಟ್ಟ ಕಣ್ಣಲ್ಲಿ ಹಿತ್ತಲಿಗೆ ಹೋಗಿ ಕಿರುಚಿದಳು. ನಾನು ಬೇಲಿ ದಾಟಿ ಹೋದೆ. ನಿಜ ಹೇಳಬೇಕೆಂದೇ ಹೋದೆ. ಬಾಯಿ ತೆರೆದರೆ ಬಂದಿದ್ದು ಬೇರೆ.

"ಜಿಂಕಿ ತಿಂದಾವ್ರಿ ಸರಳಾ. ಮೂರು ಬಂದಿದ್ವು. ನಾ ನೋಡೂದ್ರಾಗ ಎಲ್ಲಾ ಮುಗಿದಿತ್ತು."

ಎಷ್ಟು ಜಿಂಕೆ ಎಂದೂ ಹೇಳಿದೆ ನೋಡಿ! ನಮ್ಮ ಕಡೆ ಜಿಂಕೆ ಕಾಟ ಇದ್ದೇ ಇದೆ, ಯಾರ ಹಿತ್ತಲಲ್ಲೂ ಹೂ ಉಳಿಯುವುದಿಲ್ಲ. ಅವಳು ತಕ್ಷಣ ನಂಬಿದಳು. "ನಂದೇ ತಪ್ಪು. ಬಲೆ ಕಟ್ಟಿ ಹೋಗ್ಬೇಕಿತ್ತು. ಗಾಬ್ರೀಲಿ ಮರ್ತೇಹೋಯ್ತು," ಎಂದು ಅಳತೊಡಗಿದಳು. ನಾನು ಅವಳ ಬೆನ್ನು ಸವರಿದೆ. ಆ ಕೈಯನ್ನು ಈಗ ನೆನೆಸಿಕೊಂಡರೆ ನನಗೇ ಹೇಸಿಗೆಯಾಗುತ್ತದೆ. ಆ ಎರಡಡಿ ಮೋಟನ್ನು ಅವಳು ಮಣ್ಣು, ಎಲೆ, ಹಳೇ ಕಂಬಳಿ ಹೊದಿಸಿ ಮುಚ್ಚಿದಳು.

ನನ್ನ ಆರು ಕಡ್ಡಿಯಲ್ಲಿ ಐದು ಕೊಳೆತವು. ಒಂದು ಮಾತ್ರ ಸಂಕ್ರಾಂತಿಯ ಹೊತ್ತಿಗೆ ಬೇರು ಬಿಟ್ಟು ಚಿಗುರಿತು. ಮೊದಲ ಎಲೆ ಬಿಚ್ಚಿದ ದಿನ ಕುಂಡದ ಮುಂದೆ ಕುರ್ಚಿ ಹಾಕಿಕೊಂಡು ಒಂದು ಗಂಟೆ ಕೂತೆ. ಬೇಕಾಗಿದ್ದು ಸಿಕ್ಕಿತ್ತು. ಆದರೆ ಯಾರಿಗೂ ತೋರಿಸುವಂತಿರಲಿಲ್ಲ. ಅಣ್ಣನಿಗೆ ಫೋಟೊ ಕಳಿಸುವಂತಿರಲಿಲ್ಲ. ಪಂಚಾಕ್ಷರಿ ಒಮ್ಮೆ ಕೆಳಗೆ ಬಂದು ನೋಡಿ, "ಇದು ಕರಿಬೇವು ಅಲ್ಲಲ್ಲ?" ಎಂದರು. "ನಿಮಗ ಗೊತ್ತಾಗೂದಿಲ್ಲ, ಮ್ಯಾಲ ನಡೀರಿ," ಎಂದು ಗದರಿದೆ. ಹೊಟ್ಟೆಯುರಿ ಕಡಿಮೆಯಾಯಿತೇ? ಅದೂ ಇಲ್ಲ. ಭಾನುವಾರದ ಫೋನ್ ಈಗಲೂ ಸರಳಾಗೇ ಹೋಗುತ್ತಿತ್ತು.

ಫೆಬ್ರವರಿ ಹದಿನಾಲ್ಕಕ್ಕೆ ಹಿಮಪಾತ ಜೋರಾಗಿ ಆಂಟಿಯ ಮಗ ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಲು ಒಪ್ಪಲಿಲ್ಲ. ಅದಕ್ಕೇ ಆಂಟಿ ವಿಡಿಯೊ ಕಾಲ್‌ನಲ್ಲಿ ಹೇಳಿಕೊಟ್ಟರು, ಸರಳಾ ಮಾಡಿದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಆಂಟಿ ಬಿಟ್ಟುಹೋಗಿದ್ದ ವೈನ್ ಬಾಟಲಿ. ಕೈಗವಸು ಹಾಕಿಕೊಂಡು, ಮುಖ ಅತ್ತ ತಿರುಗಿಸಿ, ಬಾಟಲಿಯನ್ನು ಮಾರುದ್ದ ದೂರ ಹಿಡಿದು ಸುರಿಯುತ್ತಿದ್ದಳು ಆ ಅಯ್ಯಂಗಾರರ ಸೊಸೆ. ಬಿಳಿ ಹಿಮದ ಮೇಲೆ ಕೆಂಪು ಹರಡಿತು. ಫೋನಿನಲ್ಲಿ ಆಂಟಿ ಏನೋ ಹಾಡುತ್ತಿದ್ದರು. ಕೆಳಗಿರುವುದು ಸತ್ತ ಕಟ್ಟಿಗೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಆದರೂ, ಆ ಹಾಡು ನನಗೆ ಹಾಡಬೇಕಾದದ್ದು ಎಂದು ಸಂಕಟವಾಯಿತು.

ಮೇ ಕೊನೆಯ ಶನಿವಾರ ಆಂಟಿ ಬಂದರು. ಮಗ ಅವರನ್ನು ಸರಳಾ ಮನೆಯಲ್ಲಿ ಇಳಿಸಿ ಯಾರನ್ನೋ ನೋಡಲು ಡೆಟ್ರಾಯಿಟಿಗೆ ಹೋದ. ಒಂದೇ ವರ್ಷದಲ್ಲಿ ತೀರ ಕುಗ್ಗಿದ್ದರು, ಕಣ್ಣೂ ಮಂದವಾಗಿತ್ತು. ಸರಳಾ ನನ್ನನ್ನೂ ಕರೆದಳು. ಒಬ್ಬಳೇ ಎದುರಿಸಲು ಧೈರ್ಯವಿಲ್ಲ ಎಂದಳು. ಮೂವರೂ ಹಿತ್ತಲಲ್ಲಿ ನಿಂತೆವು. ಸುತ್ತ ಎಲ್ಲವೂ ಹಸಿರು. ನಡುವೆ ಆ ಮೋಟು, ಪೊರಕೆಕಡ್ಡಿಯಷ್ಟು ಒಣಗಿ.

ಆಂಟಿ ಕಷ್ಟಪಟ್ಟು ಬಗ್ಗಿ ಉಗುರಿನಿಂದ ತೊಗಟೆ ಕೆರೆದರು. ಒಳಗೆ ಹಸಿರಿನ ಸುಳಿವಿಲ್ಲ. "ಸತ್ತಿದೆ," ಎಂದರು. ಅವರ ಇಂಗ್ಲಿಷ್ ಯಾವಾಗಲೂ ಅಷ್ಟೇ ಚಿಕ್ಕದು.

"ನಂದೇ ತಪ್ಪು ಆಂಟಿ," ಸರಳಾ ಬಿಕ್ಕಿದಳು. "ಅಮ್ಮನ ಹತ್ರ ಹೋಗೋ ಗಾಬ್ರೀಲಿ ಬಲೆ ಕಟ್ಟದೆ ಹೋದೆ. ನಿಮ್ಮೆಜಮಾನ್ರು ನೆಟ್ಟಿದ್ದು. ನಾನು ಕೊಂದೆ."

ಆಂಟಿ ಅವಳನ್ನು ಎಳೆದು ಅಪ್ಪಿಕೊಂಡರು. ಆ ಮುದುಕಿಯ ಎರಡೂ ಕೈ ಅವಳ ಬೆನ್ನ ಮೇಲೆ. "ನೀನು ತಾಯಿಯ ಹತ್ತಿರ ಹೋದೆ. ಸರಿಯಾಗಿಯೇ ಮಾಡಿದೆ. ನನ್ನ ಹುಡುಗಿ ನೀನು," ಎಂದು ಅವಳ ತಲೆಗೆ ಮುತ್ತಿಟ್ಟರು. ಮತ್ತೆ ಮತ್ತೆ, "ನನ್ನ ಹುಡುಗಿ."

ಈಗ ನಾನು ಹೇಳುವುದನ್ನು ಕೇಳಿ ನೀವು ಉಗಿದರೂ ಸರಿಯೇ. ಆಗ ನನ್ನೊಳಗೆ ಎದ್ದದ್ದು ಪಶ್ಚಾತ್ತಾಪವಲ್ಲ, ಅದೇ ಹಳೇ ಹೊಟ್ಟೆಕಿಚ್ಚು. ಕತ್ತರಿಸಿದವಳು ನಾನು, ಮುತ್ತು ಅವಳಿಗೆ! ಮಾಡದ ತಪ್ಪಿಗೂ ಇವಳಿಗೆ ಅಪ್ಪುಗೆ ಸಿಗುತ್ತದೆ. ಬೇಲಿಗೆ ಒರಗಿ ನಿಂತ ನನ್ನ ಕಡೆ ಆಂಟಿ ಕಣ್ಣೆತ್ತಿಯೂ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಕಿ ಅಲ್ಲ!" ಎಂದು ಅರಚಿದೆ. ಆಮೇಲೆ ಆಂಟಿಗೆ ತಿಳಿಯಲೆಂದು, "ಐ ಕಟ್ ಇಟ್. ಜಿಂಕೆ ಬಂದೇ ಇರಲಿಲ್ಲ. ಅಕ್ಟೋಬರಿನಲ್ಲಿ ನಾನು ಕತ್ತರಿಸಿದೆ, ನಾನು!"

ಏನೋ ದೊಡ್ಡ ಬಹುಮಾನಕ್ಕೆ ಕೈ ಎತ್ತಿದವಳ ಹಾಗೆ ಎದೆ ಬಡಿದುಕೊಂಡು ಹೇಳಿದೆ. ಹೇಳಿದ ಮೇಲೆ ಅದರ ಅರ್ಥ ನನಗೇ ಆಯಿತು. ಇಬ್ಬರೂ ನನ್ನತ್ತ ತಿರುಗಿದ್ದರು. ನಾನು ಮನೆಗೆ ಓಡಿ ಬೇಸ್‌ಮೆಂಟಿನಿಂದ ಕುಂಡ ತಂದೆ. ಒಂದೂವರೆ ಅಡಿ ಬಳ್ಳಿ, ಹನ್ನೊಂದು ಎಲೆ. ಆಂಟಿಯ ಮುಂದೆ ಹಿಡಿದೆ.

ಅವರು ಎಲೆಯ ಕೆಳಭಾಗವನ್ನು ಬೆರಳಿಂದ ನಿಧಾನವಾಗಿ ಸವರಿದರು. "ಶೆವ್ಕಾ," ಎಂದರು. ಕಣ್ಣಲ್ಲಿ ನೀರು ಬಂತು. ನನ್ನನ್ನು ಹೊಗಳುತ್ತಾರೆ ಎಂದು ಆಗಲೂ ನನ್ನೊಳಗಿನ ಒಂದು ಮೂಲೆ ಕಾಯುತ್ತಿತ್ತು.

"ನೀನೇ ಹೇಳು. ಇದು ಯಾರದು?" ಎಂದು ಕೇಳಿದರು.

"ನಂಗ್ಯಾಕ ಕೊಡ್ಲಿಲ್ರೀ ಆಂಟಿ?" ಕನ್ನಡದಲ್ಲೇ ಬಂತು ನನ್ನ ಬಾಯಿಂದ. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದೆ. "ಮೂರು ವರ್ಷ ನಿಮ್ಮ ಚಪ್ಪರದ ಕೆಳಗೆ ಕೂತವಳು ನಾನು. ದ್ರಾಕ್ಷಿ ಗೊತ್ತಿದ್ದವಳು ನಾನು."

"ಅದಕ್ಕೇ," ಎಂದರು ಆಂಟಿ. ಸಿಟ್ಟಿಲ್ಲದೆ ಹೇಳಿದರು, ಅದು ಇನ್ನೂ ಕಷ್ಟ. "ನಿನಗೆ ಕೊಟ್ಟರೆ ನಿನ್ನ ಅಪ್ಪನ ಬಳ್ಳಿ ಆಗುತ್ತದೆ. ಇವಳಿಗೆ ಏನೂ ಗೊತ್ತಿಲ್ಲ. ಇವಳ ಹತ್ತಿರ ಅದು ನನ್ನ ಗಂಡನ ಬಳ್ಳಿಯಾಗಿಯೇ ಇರುತ್ತದೆ."

ನಾನು ಕುಂಡವನ್ನು ಸರಳಾ ಕಡೆ ಚಾಚಿದೆ. ಅವಳು ಕೈ ಮುಂದೆ ಮಾಡಲಿಲ್ಲ. ಅವಳ ಅಳು ನಿಂತಿತ್ತು. ಅಂಥ ಮುಖವನ್ನು ಹದಿನಾಲ್ಕು ವರ್ಷದಲ್ಲಿ ನಾನು ನೋಡಿರಲಿಲ್ಲ.

"ಏಳು ತಿಂಗಳು," ಎಂದಳು. "ಅಮ್ಮನ್ನ ನೋಡಕ್ಕೆ ಹೋಗಿದ್ದೇ ತಪ್ಪಾಯ್ತು ಅಂತ ನಾನು ಏಳು ತಿಂಗಳು ಕೊರಗಿದೀನಿ. ಅಮ್ಮನ ಮೇಲೂ ಒಂದ್ಸಲ ಸಿಟ್ಟು ಮಾಡ್ಕೊಂಡೆ, ಫೋನಲ್ಲಿ. ನೀವು ಬೇಲಿ ಹತ್ರ ನಿಂತ್ಕೊಂಡು, 'ಹ್ಞೂಂ ಪಾಪ' ಅಂತಿದ್ರಿ. ಕೆಳಗಿಡಿ ಅದನ್ನ. ನಿಮ್ಮ ಕೈಯಿಂದ ನಾನು ತಗೊಳಲ್ಲ."

ಕೆಳಗಿಟ್ಟೆ. ತಪ್ಪಾಯಿತು ಎಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಗ್ಯಾರೇಜಿಗೆ ಹೋಗಿ ಸಲಿಕೆ ತಂದು ನನ್ನ ಕಾಲ ಬಳಿ ಎಸೆದು, ಆಂಟಿಯ ಕೈ ಹಿಡಿದು ಒಳಗೆ ಹೋದಳು.

ಸತ್ತ ಮೋಟನ್ನು ಕಿತ್ತೆ. ಪಕ್ಕದಲ್ಲಿ ತೋಡಲು ಶುರು ಮಾಡಿದೆ. ಜೇಡಿಮಣ್ಣು, ಸಲಿಕೆ ಸುಲಭಕ್ಕೆ ಇಳಿಯದು. ತೆರೆದ ಕಿಟಕಿಯಿಂದ ಕಾಫಿಯ ವಾಸನೆ ಬಂತು, ಆಮೇಲೆ ಆಂಟಿಯ ದನಿ, ಆಮೇಲೆ ಇಬ್ಬರ ನಗು. ನನ್ನ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಆಗಲೂ ಉರಿಯಿತು. ದ್ರಾಕ್ಷಿಗೆ ಎರಡಡಿ ಗುಂಡಿ ಸಾಕು ಎಂದು ನನಗೆ ಗೊತ್ತು. ನಮ್ಮಪ್ಪ ಅಷ್ಟೇ ತೋಡಿಸುತ್ತಿದ್ದರು. ಎರಡಡಿ ಆಗಿತ್ತು. ಸಲಿಕೆ ಊರಿ ನಿಂತು ಬೆವರು ಒರೆಸಿಕೊಂಡೆ. ಬಳ್ಳಿಯನ್ನು ಕುಂಡದಿಂದ ಬಿಡಿಸಲು ಕೈ ಹಾಕಿದವಳು ಹಾಗೇ ನಿಂತೆ. ಕಿಟಕಿಯ ಹತ್ತಿರ ಹೋದೆ.

"ಸರಳಾ," ಎಂದು ಕೂಗಿದೆ. "ಎಷ್ಟು ಆಳ ತೋಡ್ಲಿ? ಆಂಟಿನ್ನ ಕೇಳಿ ಹೇಳ್ರಿ."

ಒಳಗೆ ಇಬ್ಬರ ಗುಸುಗುಸು. ಕೊನೆಗೆ ಕಿಟಕಿಯ ಪರದೆ ಸರಿಯಿತು. ಅವಳ ಮುಖವಿನ್ನೂ ಗಂಟಿಕ್ಕಿಕೊಂಡೇ ಇತ್ತು.

"ಮೂರಡಿ ಅಂತೆ," ಎಂದಳು. "ಇಲ್ಲಿ ಚಳಿಗೆ ನೆಲ ಕೆಳಗಡೆವರೆಗೂ ಹೆಪ್ಪುಗಟ್ಟತ್ತಂತೆ."

ಪರದೆ ಮುಚ್ಚಿತು. ನಾನು ಹಿಂದಿರುಗಿ ಇನ್ನೊಂದು ಅಡಿ ತೋಡಿದೆ.